ರೋಮಾಂಚ: ರಸವೂ ರೋಗವೂ

ಮೈಮೇಲಿನ ಸಣ್ಣ ಕೂದಲು ನಿಮಿರಿ ನಿಲ್ಲುವುದೆಂಬ ಅಲ್ಪ ಸಂಗತಿಗೆ ನಮ್ಮ ನುಡಿಯಲ್ಲಿ ಎಷ್ಟು ಹೆಸರುಗಳಿವೆ ಎಂದು ಎಣಿಸಹೊರಟರೆ ಬೆರಗಾಗುತ್ತದೆ. ಮೈನವಿರೇಳುವುದು, ಮೈ ಜುಮ್ಮೆನ್ನುವುದು, ಮೈ ಮುಳ್ಳೇಳುವುದು ಎಂದು ಮನೆಮಾತಿನಲ್ಲಿ. ಪುಳಕ, ರೋಮಾಂಚ, ರೋಮಹರ್ಷ ಎಂದು ಗ್ರಂಥಗಳಲ್ಲಿ. ನವಿರು ಎಂದರೆ ಕೂದಲೆಂಬುದು ಇಂದಿನ ಹುಡುಗರಿಗೆ ಬಿಡಿಯಾಗಿ ಕೇಳಿದರೆ ತಿಳಿಯದು; ಮೈನವಿರು ಎಂಬ ಜೋಡುಮಾತಿನ ಮರೆಯಲ್ಲಿ ಮಾತ್ರ ಆ ಹಳೆಯ ಶಬ್ದ ಜೀವ ಹಿಡಿದುಕೊಂಡಿದೆ. ಇಂಗ್ಲಿಷರು ಇದರಲ್ಲಿ ಗರಿ ಕಿತ್ತ ಹೆಬ್ಬಾತಿನ ಚರ್ಮವನ್ನು ಕಂಡರು. ನಾವು ಮುಳ್ಳನ್ನು ಕಂಡೆವು. ಕೋಳಿಯಂಗಡಿಯ ಮುಂದೆ ದಿನವೂ ಹಾದುಹೋಗುವ ಕುದ್ರೋಳಿಯವನಾದ ನನಗೆ ಇಂಗ್ಲಿಷರ ಉಪಮಾನವೂ ಅಪರಿಚಿತವೇನಲ್ಲ.

ಕನ್ನಡ ಪಾಠ ಹೇಳುವವನು ಈ ಶಬ್ದಗಳನ್ನು ಮುಟ್ಟುವುದು ಕಾವ್ಯಮೀಮಾಂಸೆಯ ತರಗತಿಯಲ್ಲಿ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂದು ಎಂಟು ಸಾತ್ತ್ವಿಕಭಾವಗಳನ್ನು ಬೆರಳು ಮಡಚಿ ಒಪ್ಪಿಸಿದರೆ ವಿದ್ಯಾರ್ಥಿಗೆ ಅಂಕ ಸಿಕ್ಕಿತು. ಆದರೆ ರೋಮಾಂಚವು ಯಾತರಿಂದ ಹುಟ್ಟುತ್ತದೆಂದು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ್ದನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಸ್ಪರ್ಶ, ಭಯ, ಶೀತ, ಹರ್ಷ, ಕ್ರೋಧ, ರೋಗ: ಇವು ಆತ ಕೊಡುವ ಕಾರಣಗಳು. ಅದನ್ನು ಅಭಿನಯಿಸುವ ಬಗೆಯನ್ನೂ ಆತ ಹೇಳುತ್ತಾನೆ. ನಟನು ಮೈಯನ್ನು ಮುಟ್ಟಿಕೊಂಡು ತೋರಿಸಬೇಕಂತೆ. ಬೇಕೆಂದಾಗ ಕೂದಲನ್ನು ನಿಲ್ಲಿಸುವುದು ಸಾಮಾನ್ಯ ನಟನ ಕೈಯಲ್ಲಿಲ್ಲ ಎಂಬುದನ್ನು ಆತ ಬಲ್ಲವನಾಗಿದ್ದನೆಂದೇ ತೋರುತ್ತದೆ.

ಈ ಪಟ್ಟಿಯ ಕೊನೆಯ ಹೆಸರು ಬರಬರುತ್ತ ಮಾಸಿಹೋಯಿತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರೋಮಾಂಚದ ಕಾರಣಗಳನ್ನು ಹೇಳುವಾಗ ಹರ್ಷ, ಅದ್ಭುತ, ಭಯ ಎಂದು ಹೆಸರಿಸಿ ಉಳಿದುದನ್ನೆಲ್ಲ ಒಂದು ‘ಆದಿ’ ಶಬ್ದದಲ್ಲಿ ಮುಗಿಸಿಬಿಟ್ಟಿದ್ದಾನೆ. ರೋಗವು ಆ ‘ಆದಿ’ಯೊಳಗೆ ಸೇರಿಹೋಯಿತು. ಕನ್ನಡದಲ್ಲಿಯೂ ಹರಿಹರನ ರಗಳೆಗಳಿಂದ ಮೊದಲ್ಗೊಂಡು ಪುಳಕವೆಂದರೆ ಭಕ್ತಿಯ ಗುರುತು, ಪ್ರೇಮದ ಗುರುತು. ಇದು ಕವಿಗಳ ತಪ್ಪಲ್ಲ, ಜ್ವರಕ್ಕೆ ಕಾವ್ಯದಲ್ಲಿ ಎಡೆ ಕಡಮೆ. ಆದರೆ ಕವಿಗಳ ಮಾತು ಸಭೆಯಲ್ಲಿ ಮೊಳಗುತ್ತ ಹೋದಂತೆ ವೈದ್ಯರ ಮಾತು ಓಲೆಗರಿಯಲ್ಲೇ ಉಳಿಯಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಒಂದನೆಯ ಮಂಗರಾಜನ ವಿಷವೈದ್ಯಗ್ರಂಥವಾದ ಖಗೇಂದ್ರಮಣಿದರ್ಪಣ — ಇವುಗಳ ಹೆಸರನ್ನು ನಮ್ಮ ಎಂ.ಎ. ಪದವೀಧರರು ಸಾಹಿತ್ಯ ಚರಿತ್ರೆಯ ಒಂದು ಸಾಲಿನಲ್ಲಿ ಕೇಳಿರುತ್ತಾರೆ; ತೆರೆದು ನೋಡಿದವರು ವಿರಳ.

ವೈದ್ಯರು ಈ ಚಿಹ್ನೆಯನ್ನು ಎಂದೂ ಬಿಟ್ಟವರಲ್ಲ. ಚರಕಸಂಹಿತೆಯ ನಿದಾನಸ್ಥಾನ ಆರಂಭವಾಗುವುದೇ ಜ್ವರದಿಂದ. ಅಲ್ಲಿ ಜ್ವರವು ಪ್ರಕಟವಾಗುವ ಮೊದಲು ಕಾಣುವ ಪೂರ್ವರೂಪಗಳಲ್ಲಿ ಬಾಯಿ ಕೆಡುವುದು, ಮೈಭಾರ, ಆಕಳಿಕೆ, ನಡುಕ ಮೊದಲಾದವುಗಳ ಜೊತೆಗೆ ರೋಮಹರ್ಷ ಮತ್ತು ದಂತಹರ್ಷ ಇವೆ. ಸುಶ್ರುತನ ಪಟ್ಟಿಯಲ್ಲಿಯೂ ರೋಮಹರ್ಷವಿದೆ. ದಂತಹರ್ಷವೆಂದರೆ ಹಲ್ಲಿಗೆ ಬಂದ ಸಂತೋಷವಲ್ಲ, ಹಲ್ಲು ಜುಮ್ಮೆನ್ನುವುದು. ಹೀಗಿರುವಾಗ ಹರ್ಷವೆಂಬ ಮಾತಿನ ಮೂಲವೇನು?

ಸಂಸ್ಕೃತದ ‘ಹೃಷ್’ ಧಾತುವಿಗೆ ಸಂತೋಷಪಡು ಎಂಬಂತೆಯೇ ನಿಮಿರು, ಸೆಟೆದು ನಿಲ್ಲು ಎಂಬ ಅರ್ಥವೂ ಉಂಟು. ಕೂದಲು ನಿಲ್ಲುವುದೇ ಮೊದಲು. ಮನಸ್ಸಿನ ಉಲ್ಲಾಸ ಆ ಮೇಲಿನದು. ಭಾಷಾಶಾಸ್ತ್ರಜ್ಞರು ಇದೇ ಮೂಲಕ್ಕೆ ಲ್ಯಾಟಿನ್ನಿನ ‘ಹೊರ್‍ರೇರೆ’ ಎಂಬ ಕ್ರಿಯಾಪದವನ್ನೂ ಸೇರಿಸುತ್ತಾರೆ. ಅದರಿಂದ ಹುಟ್ಟಿದ್ದೇ ಇಂಗ್ಲಿಷಿನ ‘ಹಾರರ್’. ಒಂದೇ ಮನೆಯಲ್ಲಿ ಹುಟ್ಟಿದ ಎರಡು ಶಬ್ದಗಳಲ್ಲಿ ಒಂದು ಇಲ್ಲಿ ಹರ್ಷವಾಯಿತು, ಇನ್ನೊಂದು ಅಲ್ಲಿ ಭೀತಿಯಾಯಿತು! ನಮ್ಮ ರೋಮಾಂಚಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯಬೇಕಾಗಿ ಬಂದಾಗ ಮೋನಿಯರ್ ವಿಲಿಯಮ್ಸ್ ಪಂಡಿತರು ‘ಹಾರಿಪಿಲೇಶನ್’ ಎಂಬ ಲ್ಯಾಟಿನ್ ಮೂಲದ ಮಾತನ್ನೇ ಹಿಡಿದರು. ಅಗಲಿದ ದಾಯಾದಿಗಳು ನಿಘಂಟಿನ ಒಂದೇ ಸಾಲಿನಲ್ಲಿ ಮತ್ತೆ ಎದುರುಬದುರಾದರು. ರೋಮಿನ ಸೆಲ್ಸಸ್ ಎಂಬವನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಜ್ವರಗಳನ್ನು ವಿವರಿಸುವಾಗ ಕೈಕಾಲು ಮಾತ್ರ ತಣ್ಣಗಾಗುವುದು ಒಂದು, ಮೈಯೆಲ್ಲ ನಡುಗುವುದು ಇನ್ನೊಂದು ಎಂದು ಬೇರ್ಪಡಿಸಿ, ಎರಡನೆಯದಕ್ಕೆ ಈ ‘ಹಾರರ್’ ಶಬ್ದವನ್ನೇ ಇಟ್ಟಿದ್ದಾನೆ. ಚರಕನ ವೈದ್ಯರೂ ಸೆಲ್ಸಸನೂ ಬೇರೆ ಬೇರೆ ಹಾಸಿಗೆಗಳ ಬಳಿ ನಿಂತು ಒಂದೇ ರೋಗಿಯನ್ನು ಕಂಡಂತಿದೆ.

ಚಿಹ್ನೆ ಒಂದೇ ಆದರೂ ಅದರ ಅರ್ಥ ಒಂದೇ ಅಲ್ಲ ಎಂಬುದಕ್ಕೆ ಮಹಾಭಾರತಕ್ಕಿಂತ ಒಳ್ಳೆಯ ನಿದರ್ಶನ ಬೇಡ. ವಿರಾಟಪರ್ವದಲ್ಲಿ ಕೌರವಸೇನೆಯನ್ನು ಕಂಡ ಉತ್ತರಕುಮಾರನು ಬೃಹನ್ನಳೆಗೆ ತನ್ನ ರೋಮಹರ್ಷವನ್ನು ತೋರಿಸಿ, ಯುದ್ಧ ನನ್ನಿಂದಾಗದು ಎನ್ನುತ್ತಾನೆ. ನಾವು ನಗುತ್ತೇವೆ. ಸ್ವಲ್ಪ ಕಾಲದಲ್ಲೇ, ಅಂದು ಸಾರಥಿಯಾಗಿದ್ದ ಆ ಬೃಹನ್ನಳೆಯೇ ಅರ್ಜುನನಾಗಿ ಕುರುಕ್ಷೇತ್ರದ ನಡುವೆ ನಿಂತು ತನ್ನ ಸಾರಥಿಗೆ ಅದೇ ರೋಮಹರ್ಷವನ್ನು ನಿವೇದಿಸುತ್ತಾನೆ. ಈಗ ಯಾರೂ ನಗುವುದಿಲ್ಲ. ಅದೇ ಗೀತೆಯ ತುದಿಯಲ್ಲಿ ಸಂಜಯನು ಆ ಸಂವಾದವನ್ನೇ ರೋಮಹರ್ಷಣವೆಂದು ಕೊಂಡಾಡುತ್ತಾನೆ. ಪುರಾಣ ಹೇಳುವ ಸೂತನಿಗಂತೂ ರೋಮಹರ್ಷಣನೆಂದೇ ಹೆಸರು. ಅಂಜುಬುರುಕನ ಮೈ, ವೀರನ ಮೈ, ಕೇಳುಗನ ಮೈ — ಕೂದಲು ಎದ್ದದ್ದು ಒಂದೇ ರೀತಿಯಲ್ಲಿ. ಬೇರೆಯಾದದ್ದು ಅದರ ಅಕ್ಕಪಕ್ಕದ ಸಂಗತಿಗಳು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಊರಿಗೆ ಬರೋಣ. ಗುರುಪುರ ನದಿ ಕಡಲು ಸೇರುವ ಮುನ್ನ ಬಳಸಿ ಹೋಗುವ ಬದಿಯಲ್ಲಿ ಕುದ್ರೋಳಿ ಇದೆ. ೧೯೧೨ರಲ್ಲಿ ನಾರಾಯಣ ಗುರುಗಳು ಇಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಇತರ ದೇವಾಲಯಗಳ ಹೊರಗೆ ನಿಲ್ಲಬೇಕಾಗಿದ್ದ ಬಿಲ್ಲವರಿಗೆ ಸ್ವಂತ ದೇವರ ಬಾಗಿಲು ತೆರೆಯಿತು. ಗುರುಗಳು ವೈದ್ಯರ ಮನೆತನದಲ್ಲಿ ಬೆಳೆದವರು. ಅವರ ಸೋದರಮಾವ ಕೃಷ್ಣನ್ ವೈದ್ಯರು. ಬಿಲ್ಲವರಿಗೂ ಬೈದ್ಯರೆಂಬ ಹೆಸರುಂಟಷ್ಟೆ. ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿಯು ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣನ್ನು ಮದ್ದಿನಿಂದ ಗುಣಪಡಿಸಿದ ಕಥೆಯನ್ನು ತುಳುನಾಡಿನ ಪಾಡ್ದನಗಳು ಹಾಡುತ್ತವೆ. ಒಂದು ಕೈಯಲ್ಲಿ ಮದ್ದು, ಇನ್ನೊಂದರಲ್ಲಿ ಮೂರ್ತೆಯ ಕತ್ತಿ, ಅಂದರೆ ಕಳ್ಳು ಇಳಿಸುವ ಕಸುಬು. ಈ ಎರಡನೆಯದಕ್ಕೆ ಮುಂದೆ ಮತ್ತೆ ಬರುತ್ತೇನೆ.

ಈ ನೀರಿನ ನಾಡಿನಲ್ಲಿ ಚಳಿಜ್ವರ ಹೊಸತಲ್ಲ. ಆಯುರ್ವೇದದ ವಿಷಮಜ್ವರಗಳಲ್ಲಿ ತೃತೀಯಕ, ಚತುರ್ಥಕ ಎಂಬ ಭೇದಗಳು ಜ್ವರ ಮರಳಿ ಬರುವ ದಿನದ ಲೆಕ್ಕದಿಂದಲೇ ಹುಟ್ಟಿದ ಹೆಸರುಗಳು. ಕಾರಣ ತಿಳಿಯಲು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ೧೮೮೦ರಲ್ಲಿ ಲಾವೆರಾನ್ ಅಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾ ಜೀವಿಯನ್ನು ಕಂಡನು. ಆ ಜೀವಿಗಳು ಕೆಂಪು ರಕ್ತಕಣಗಳನ್ನು ಒಮ್ಮೆಲೇ ಒಡೆದು ಹೊರಬೀಳುವ ಹೊತ್ತಿಗೇ ಚಳಿ ಹತ್ತುತ್ತದೆಂದು ಇಟಲಿಯ ಗೋಲ್ಜಿ ತೋರಿಸಿಕೊಟ್ಟನು. ರೊನಾಲ್ಡ್ ರಾಸ್ ೧೮೯೫ರಲ್ಲಿ ಬೆಂಗಳೂರಿಗೆ ಕಾಲರಾದ ಕೆಲಸಕ್ಕೆಂದು ಬಂದವನು. ೧೮೯೭ರಲ್ಲಿ ಉದಕಮಂಡಲದ ಬಳಿಯ ಸೀಗೂರು ಘಟ್ಟದಲ್ಲಿ ತಾನೇ ಚಳಿಜ್ವರ ಹಿಡಿಸಿಕೊಂಡು, ಅದೇ ವರ್ಷ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ಜೀವಿಯನ್ನು ಕಂಡುಹಿಡಿದನು. ಶತ್ರುವಿನ ಪರಿಚಯ ಮೊದಲು ಮೈಗಾಯಿತು, ಅನಂತರ ಸೂಕ್ಷ್ಮದರ್ಶಕಕ್ಕೆ.

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾ ಪೀಡಿತರು, ಎಂಟು ಲಕ್ಷ ಸಾವು ಎಂದು ಅಂದಾಜು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಮನೆಮನೆಯ ಗೋಡೆಗೆ ಬಿತ್ತು. ಅರುವತ್ತರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಸುಮಾರಿಗೆ ಇಳಿಯಿತು. ಗೆದ್ದೆವೆಂದು ಕೈತೊಳೆದುಕೊಂಡದ್ದಕ್ಕೆ ೧೯೭೬ರಲ್ಲಿ ಉತ್ತರ ಬಂತು: ೬೪ ಲಕ್ಷ ರೋಗಿಗಳು. ಮಂಗಳೂರಿಗೆ ಅದು ಜೋರಾಗಿ ಮರಳಿದ್ದು ೧೯೯೦ರ ಬಳಿಕ. ಇಲ್ಲಿಯ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ, ಕೊಳಚೆಯದಲ್ಲ, ತಿಳಿನೀರಿನದು. ಬಾವಿ, ಮಾಳಿಗೆಯ ತೊಟ್ಟಿ, ಹೊಸ ಕಟ್ಟಡದ ಕಾಂಕ್ರೀಟಿನ ಮೇಲೆ ಕಟ್ಟಿನಿಲ್ಲಿಸಿದ ನೀರು ಅದರ ತೊಟ್ಟಿಲು. ಹೆಂಚಿನ ಮನೆಗಳು ಹೋಗಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಕಾಲದಲ್ಲಿ ಊರಿನ ಏಳಿಗೆಯೂ ಊರಿನ ಚಳಿಯೂ ಒಂದೇ ನೀರಿನಲ್ಲಿ ಬೆಳೆದವು.

೧೯೯೫ರ ನವರಾತ್ರಿಯಲ್ಲಿ ನನಗೆ ಹದಿನೈದು ವರ್ಷ. ಕುದ್ರೋಳಿಯ ಉತ್ಸವ ‘ಮಂಗಳೂರು ದಸರಾ’ ಎಂಬ ಹೆಸರು ಪಡೆದು ನಾಲ್ಕೈದು ವರ್ಷಗಳಾಗಿದ್ದುವು. ಹುಲಿವೇಷದ ತಾಸೆಯ ಸದ್ದು ಕಿವಿಗೆ ಬಿದ್ದರೆ ಈ ಊರಿನವನ ಮೈ ಮುಳ್ಳೇಳದೆ ಇರದು. ಇದನ್ನು ಹೊರಗಿನವರಿಗೆ ವಿವರಿಸಿ ಹೇಳುವುದು ಕಷ್ಟ. ಆ ಸಂಜೆ ತಾಸೆ ದೂರ ಸರಿದ ಮೇಲೆಯೂ ನನ್ನ ತೋಳಿನ ಮುಳ್ಳು ಇಳಿಯಲಿಲ್ಲ. ಹಲ್ಲು ಕಟಕಟನೆ ಬಡಿಯತೊಡಗಿತು. ಅಜ್ಜಿ ತೋಳು ಹಿಡಿದು ನೋಡಿ, “ಎಂತ ಮಗಾ, ಹುಲಿ ಕಂಡು ಹೆದರಿದಿಯಾ?” ಎಂದು ಮೊದಲು ಕುಶಾಲು ಮಾಡಿದರು. ಬಳಿಕ ಎರಡು ಕಂಬಳಿ ಹೊದಿಸಿದರು, ಕೈಗೆ ಒಂದು ನೂಲನ್ನೂ ಕಟ್ಟಿದರು. ಅಮ್ಮನಿಗೆ ದೃಷ್ಟಿಯ ಅನುಮಾನ. ಅಜ್ಜಿ ಮಾತ್ರ ನೂಲು ಕಟ್ಟಿಯೂ ನೂಲನ್ನೇ ನಂಬಿ ಕೂತವರಲ್ಲ. “ನಾಡಿದ್ದು ಇದೇ ಹೊತ್ತಿಗೆ ಪುನಃ ಬಂದರೆ ಇದು ದೃಷ್ಟಿಯಲ್ಲ, ಚಳಿಜ್ವರ” ಎಂದರು. ನಾಡಿದ್ದು ಅದೇ ಹೊತ್ತಿಗೆ ಬಂತು. ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಬಳಿದು ನೋಡಿದವರು ವೈವಾಕ್ಸ್ ಎಂದರು. ಕ್ಲೋರೋಕ್ವಿನ್ ಗುಳಿಗೆಯ ಕಹಿ ಇಂದಿಗೂ ನಾಲಗೆಗೆ ನೆನಪಿದೆ.

ಓದು ಬರಹ ಅರಿಯದ ಅಜ್ಜಿ ತೃತೀಯಕದ ಲಕ್ಷಣವನ್ನು ಬಲ್ಲವರಾಗಿದ್ದರು ಎಂಬುದು ನನಗೆ ಎಂ.ಎ. ಮುಗಿದ ಮೇಲೆ, ಬೇರೇನನ್ನೋ ಹುಡುಕುವಾಗ ಹೊಳೆಯಿತು. ಅವರ ಲೆಕ್ಕ ಸರಿ. ಆದರೆ ಆ ಎರಡು ದಿನ ಕಾದದ್ದು ಸರಿಯೆಂದು ಇಂದು ಯಾರೂ ಹೇಳಲಾರರು. ವೈವಾಕ್ಸ್ ೪೮ ತಾಸುಗಳ ಲೆಕ್ಕಕ್ಕೆ ಬಹುಮಟ್ಟಿಗೆ ಬದ್ಧ, ಅದೂ ಆರಂಭದಲ್ಲಿ ಅಲ್ಲ. ಫಾಲ್ಸಿಪಾರಂ ಎಂಬ ಇನ್ನೊಂದು ಜಾತಿ ಯಾರಿಗೂ ಮಾತು ಕೊಡುವುದಿಲ್ಲ. ಮೆದುಳಿಗೇರಿದರೆ ಎರಡು ದಿನದೊಳಗೆ ಮನೆಯ ದೀಪ ಆರಿಸಬಲ್ಲುದು. ನೂಲು ಕಟ್ಟುವವರು ಕಟ್ಟಲಿ. ರಕ್ತಪರೀಕ್ಷೆ ಅದೇ ದಿನ ಆಗಬೇಕು. ವೈವಾಕ್ಸಿನ ಜೀವಿಯು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿ ಮಲಗಿರುವುದರಿಂದ, ಚಳಿ ಬಿಟ್ಟಿತೆಂದು ಪ್ರೈಮಾಕ್ವಿನ್ ಗುಳಿಗೆಯನ್ನು ನಡುವೆ ನಿಲ್ಲಿಸುವವರು ಮತ್ತೊಮ್ಮೆ ಕಂಬಳಿ ಹುಡುಕಬೇಕಾಗುತ್ತದೆ. ೨೦೧೫ರಿಂದ ಮಂಗಳೂರು ನಗರದಲ್ಲಿ ಆರೋಗ್ಯ ಕಾರ್ಯಕರ್ತರು ಕೈಯಲ್ಲೊಂದು ಗಣಕಯಂತ್ರ ಹಿಡಿದು ರೋಗಿಯ ಮನೆಯನ್ನು ಗುರುತಿಸಿ, ಸುತ್ತಲಿನ ನೀರನ್ನು ಹುಡುಕಿ ಹೋಗುವ ಕ್ರಮ ಬಂದ ಮೇಲೆ ಈ ಪೀಡೆ ಬಹಳ ಇಳಿದಿದೆ.

ಜ್ವರ ಏರುತ್ತಿರುವ ಮೈಗೆ ಚಳಿಯೇಕೆ? ಪ್ರಾಣಿಗಳ ಕೂದಲು ನಿಮಿರುವುದನ್ನು ಡಾರ್ವಿನ್ನನು ೧೮೭೨ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾನೆ. ನಾಯಿಯನ್ನು ಕಂಡ ಬೆಕ್ಕು ಕೂದಲೆಬ್ಬಿಸಿ ದೊಡ್ಡದಾಗಿ ತೋರುತ್ತದೆ. ಚಳಿಯಲ್ಲಿ ಎದ್ದ ರೋಮದ ನಡುವೆ ಗಾಳಿ ನಿಂತು ಮೈ ಬೆಚ್ಚಗಾಗುತ್ತದೆ. ನಮ್ಮಲ್ಲಿ ಹೊದಿಕೆ ಹೋಯಿತು, ಹೊದಿಕೆಯನ್ನು ಸರಿಪಡಿಸುವ ಅಭ್ಯಾಸ ಮಾತ್ರ ಉಳಿಯಿತು. ಪ್ರತಿ ಕೂದಲಿನ ಬುಡಕ್ಕೆ ಕಟ್ಟಿದ ಎಳೆಯಷ್ಟು ಸಣ್ಣ ಸ್ನಾಯುವನ್ನು ಗುರುತಿಸಿದವನು ಸ್ವಿಸ್ ವಿದ್ವಾಂಸ ಕೋಲಿಕರ್. ಅದನ್ನು ಎಳೆಯುವ ನರಗಳನ್ನು ೧೮೯೦ರ ದಶಕದಲ್ಲಿ ಕೇಂಬ್ರಿಜಿನ ಲ್ಯಾಂಗ್ಲಿ ಪರಿಶೋಧಿಸಿದನು. ಇವು ನಮ್ಮ ಅಪ್ಪಣೆಗೆ ಕಾಯುವ ನರಗಳಲ್ಲ. ಎದೆಬಡಿತವನ್ನೂ ರಕ್ತನಾಳಗಳನ್ನೂ ನಡೆಸುವ ಸ್ವಯಂಚಾಲಿತ ನರಮಂಡಲಕ್ಕೆ ಸೇರಿದವು. ರೋಗಜೀವಿ ರಕ್ತಕ್ಕೆ ಬಿದ್ದಾಗ ಮೆದುಳಿನ ತಳದಲ್ಲಿರುವ ಉಷ್ಣನಿಯಂತ್ರಣದ ಕೇಂದ್ರವು ಮೈಯ ಕಾವಿನ ಗುರಿಯನ್ನು ಮೇಲಕ್ಕೆ ಇಡುತ್ತದೆ. ಗುರಿ ಮೇಲೆ, ಮೈ ಕೆಳಗೆ. ಆದ್ದರಿಂದ ಮೈಗೆ ತಾನು ತಣ್ಣಗಿದ್ದೇನೆಂಬ ಭ್ರಮೆ. ಕೂದಲು ನಿಲ್ಲುತ್ತದೆ, ಚರ್ಮದ ರಕ್ತನಾಳ ಮುದುಡುತ್ತದೆ, ಸ್ನಾಯು ನಡುಗುತ್ತದೆ. ಚರಕನು ರೋಮಹರ್ಷವನ್ನು ಜ್ವರಕ್ಕೆ ಮೊದಲಿನ ರೂಪವೆಂದದ್ದು ಇಷ್ಟು ನಿಖರ.

ಬೇರೆ ಕೆಲವು ಸಂದರ್ಭಗಳಲ್ಲೂ ವೈದ್ಯರು ಈ ಮುಳ್ಳನ್ನು ಲಕ್ಷಿಸುತ್ತಾರೆ. ಅಫೀಮಿನ ಜಾತಿಯ ಮಾದಕಕ್ಕೆ ದಾಸನಾದವನು ಅದನ್ನು ಬಿಟ್ಟ ಮೊದಲ ದಿನಗಳಲ್ಲಿ ಮೈ ಮುಳ್ಳೆದ್ದು ನರಳುತ್ತಾನೆ. ಕಾರಣವಿಲ್ಲದೆ ಮತ್ತೆ ಮತ್ತೆ, ಅದರಲ್ಲೂ ಮೈಯ ಒಂದೇ ಬದಿಯಲ್ಲಿ ಕೆಲವು ನಿಮಿಷದೊಳಗೆ ಬಂದುಹೋಗುವ ರೋಮಾಂಚ ಅಪರೂಪವಾಗಿ ಅಪಸ್ಮಾರದ ಒಂದು ಬಗೆಯಾಗಿರುವುದುಂಟು. ನೀರಿನಿಂದೆತ್ತಿದ ಶವದ ಚರ್ಮದಲ್ಲಿ ಕಾಣುವ ಮುಳ್ಳನ್ನು ನಮ್ಮ ಹೊಳೆಬದಿಯ ಜನ ಕಂಡಿದ್ದಾರೆ. ಅದು ಮುಳುಗಿ ಸತ್ತುದಕ್ಕೆ ಸಾಕ್ಷಿಯಲ್ಲ, ಸತ್ತ ಮೇಲೆ ಆ ಸಣ್ಣ ಸ್ನಾಯುಗಳು ಸೆಟೆಯುವುದರಿಂದಲೂ ಬರುತ್ತದೆ. ತೋಳಿನ ಮೇಲೆ ವರ್ಷವೆಲ್ಲ ತರಿತರಿಯಾಗಿ ಇರುವುದಂತೂ ರೋಮಾಂಚವೇ ಅಲ್ಲ, ನಿರಪಾಯವಾದ ಒಂದು ಚರ್ಮಸ್ವಭಾವ. ಹಾಡು ಕೇಳಿ ಪುಳಕಗೊಂಡವರು ಯಾವ ವೈದ್ಯರನ್ನೂ ಕಾಣಬೇಕಾಗಿಲ್ಲ. ಕೂದಲಿನ ಸ್ನಾಯು ನಿರರ್ಥಕವೆಂಬ ಮಾತೂ ಈಗ ನಿಲ್ಲದು: ಆ ಸ್ನಾಯುವಿನ ಆಸರೆಯಿಂದಲೇ ನರವು ಕೂದಲ ಬುಡದ ಮೂಲಕೋಶಗಳನ್ನು ಮುಟ್ಟಿ, ಹೊಸ ಕೂದಲು ಬೆಳೆಯಲು ಪ್ರೇರಿಸುತ್ತದೆಂದು ಹಾರ್ವರ್ಡಿನ ಯಾ-ಚಿಯೆ ಶು ಮತ್ತು ತೈವಾನಿನ ಸುಂಗ್-ಜಾನ್ ಲಿನ್ ಅವರ ತಂಡ ಇಲಿಗಳಲ್ಲಿ ಪ್ರಯೋಗಮಾಡಿ ೨೦೨೦ರಲ್ಲಿ ಪ್ರಕಟಿಸಿದೆ.

ಇನ್ನು ಮೂರ್ತೆಯ ಮಾತು. ತೆಂಗು, ತಾಳೆ, ಅಡಕೆಯ ಮರವೇರಿ ಬದುಕುವ ಈ ಜಿಲ್ಲೆಯಲ್ಲಿ ಕಾಲು ಜಾರಿ ಬಿದ್ದು ಬೆನ್ನುಹುರಿ ತುಂಡಾದವರು ಊರಿಗೊಬ್ಬರಾದರೂ ಸಿಗುತ್ತಾರೆ. ಪೆಟ್ಟು ಎದೆಯ ಆರನೆಯ ಕಶೇರುವಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿದ್ದರೆ, ಒಂದು ವಿಚಿತ್ರ ಅಪಾಯ ಬೆನ್ನಹಿಂದೆಯೇ ಇರುತ್ತದೆ. ಮೂತ್ರಕೋಶ ತುಂಬಿ ಬಿಗಿದರೂ ಆ ಮನುಷ್ಯನಿಗೆ ಅದರ ಅರಿವಿಲ್ಲ. ಆದರೆ ತುಂಡಾದ ಹುರಿಯ ಕೆಳಭಾಗ ತಾನಾಗಿ ಕೆರಳುತ್ತದೆ. ಮೆದುಳಿನ ಹಿಡಿತ ಅಲ್ಲಿಗೆ ಮುಟ್ಟದು. ರಕ್ತದೊತ್ತಡ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಪೆಟ್ಟಿನ ಕೆಳಗಿನ ಚರ್ಮ ಬಿಳಿಚಿ ನವಿರೇಳುತ್ತದೆ. ತಡಮಾಡಿದರೆ ಮೆದುಳಿನಲ್ಲಿ ರಕ್ತಸ್ರಾವವೇ ಆಗಬಹುದು.

ನನಗೆ ಪರಿಚಯದ ಒಬ್ಬ ಮೂರ್ತೆದಾರರು ಹೀಗೆ ಮರದಿಂದ ಬಿದ್ದು ಬಹುಕಾಲದಿಂದ ಹಾಸಿಗೆಯಲ್ಲಿದ್ದಾರೆ. ಅವರ ಹೆಂಡತಿ ಶಾಲೆಯ ಮೆಟ್ಟಿಲು ಏರಿದವರಲ್ಲ. ಒಮ್ಮೆ ನಾನು ಕುಳಿತು ಮಾತಾಡುತ್ತಿದ್ದಾಗ ಆಕೆ ಹೊದಿಕೆ ಸರಿಸಿ, ವರ್ಷಗಳಿಂದ ಏನನ್ನೂ ಅರಿಯದ ಆ ಕಾಲುಗಳ ಮೇಲೆ ಅಂಗೈ ಆಡಿಸಿದರು. “ಮಾಸ್ಟ್ರೇ, ಸ್ವಲ್ಪ ಇವರ ಬೆನ್ನಿಗೆ ಕೈ ಕೊಡಿ” ಎಂದರು. ಇಬ್ಬರೂ ಸೇರಿ ಅವರನ್ನು ನೆಟ್ಟಗೆ ಕೂರಿಸಿದೆವು. ಆಕೆ ಸೊಂಟದ ಬಿಗಿ ಸಡಿಲಿಸಿ, ಮಂಚದ ಪಟ್ಟಿಗೆ ಸಿಕ್ಕಿ ಮಡಚಿಹೋಗಿದ್ದ ಮೂತ್ರದ ನಳಿಗೆಯನ್ನು ಬಿಡಿಸಿದರು. ಚೀಲ ತುಂಬತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಕಾಲಿನ ಮುಳ್ಳು ಅಡಗಿತು. ಆಕೆ ಇನ್ನೊಮ್ಮೆ ಅಂಗೈ ಆಡಿಸಿ ನೋಡಿ, ಹೊದಿಕೆ ಎಳೆದು, ಚಹಾಕ್ಕೆ ನೀರಿಡಲು ಒಳಗೆ ಹೋದರು.